ಹಡಗಿನಲ್ಲಿ ಜ್ವರದವನನ್ನು ನೋಡಲು ಹೋದದ್ದು

ಹಡಗಿನಲ್ಲಿ ಫ್ಲೂ ಜ್ವರ ಕಾಣಿಸಿಕೊಂಡಿದೆ ಎಂಬ ಸುದ್ದಿ ಮೇಲಿನ ಅಂತಸ್ತಿನವರಿಗೆ ಹೇಗೆ ತಲುಪಿತೋ ನನಗೆ ಗೊತ್ತಿಲ್ಲ. ಕೆಳಗಿದ್ದ ನಮಗೆ ಅದು ಒಂದು ಕೆಂಪು ಚೀಲದಲ್ಲಿ ಬಂತು. ನಾನು ಆಗ ದೊಡ್ಡದೊಂದು ಪ್ರವಾಸಿ ಹಡಗಿನ ಲಾಂಡ್ರಿಯಲ್ಲಿ ಟೈಲರ್. ರಾಯದುರ್ಗದ ಯೂನಿಟ್ಟಿನಲ್ಲಿ ಜೀನ್ಸ್ ಪ್ಯಾಂಟಿಗೆ ಜಿಪ್ಪು ಕೂರಿಸುತ್ತಿದ್ದ ಕೈ, ಇಲ್ಲಿ ವೇಟರುಗಳ ಕೋಟಿಗೆ ಗುಂಡಿ ಹಾಕುತ್ತಿತ್ತು, ಕೋಣೆಗಳ ಪರದೆ ರಿಪೇರಿ ಮಾಡುತ್ತಿತ್ತು. ಲಾಂಡ್ರಿ ಇದ್ದದ್ದು ಹಡಗಿನ ಹೊಟ್ಟೆಯೊಳಗೆ, ಸಮುದ್ರದ ಮಟ್ಟಕ್ಕಿಂತ ಕೆಳಗೆ. ಅಲ್ಲಿ ಕಿಟಕಿಯಿಲ್ಲ. ಗೋಡೆಯಾಚೆ ನೀರು ಹರಿಯುವ ಸದ್ದು ಮಾತ್ರ ಕೇಳಿಸುತ್ತದೆ.

ಆ ಬೆಳಿಗ್ಗೆ ಮಾಸ್ಕು, ಗ್ಲೌಸು, ಪ್ಲಾಸ್ಟಿಕ್ಕಿನ ಏಪ್ರನ್ನು ತೊಟ್ಟ ಒಬ್ಬ ಕೆಲಸಗಾರ ಕೆಂಪು ಚೀಲವನ್ನು ಮೈಗೆ ತಾಗದಂತೆ ಎತ್ತಿ ಹಿಡಿದು ತಂದ. ನಮ್ಮ ಲಾಂಡ್ರಿ ಮಾಸ್ಟರ್ ಇಂಡೋನೇಷ್ಯಾದವರು, ವಯಸ್ಸಾದವರು, ಮಾತು ಕಡಿಮೆ. ಅವರು ಎಲ್ಲರನ್ನೂ ಕರೆದು, ಈ ಬಣ್ಣದ ಚೀಲ ಬಂದರೆ ಯಾರೂ ಬಿಚ್ಚಬಾರದು, ಒದರಬಾರದು, ಚೀಲದ ಸಮೇತ ಮಿಷಿನ್ನಿಗೆ ಹಾಕಬೇಕು ಎಂದರು. ನನಗೆ ನಗು ಬಂತು. ಪ್ಲಾಸ್ಟಿಕ್ ಚೀಲವನ್ನು ಮಿಷಿನ್ನಿಗೆ ಹಾಕಿದರೆ ಪಂಪು ಕಟ್ಟಿಕೊಂಡು ಅರ್ಧ ದಿನದ ಕೆಲಸ ಹಾಳಾಗುತ್ತದೆ ಎಂಬುದು ನಮ್ಮ ಊರಿನ ವಾಷಿಂಗ್ ಯೂನಿಟ್ಟಿನಲ್ಲಿ ಕಸ ಗುಡಿಸುವವರಿಗೂ ಗೊತ್ತು. ಹಾಗೆಂದು ಹೇಳಿಯೂಬಿಟ್ಟೆ. ಮಾಸ್ಟರ್ ನನ್ನ ಭುಜ ಹಿಡಿದು ಮಿಷಿನ್ನಿನ ಗಾಜಿನ ಬಾಗಿಲ ಮುಂದೆ ನಿಲ್ಲಿಸಿದರು. ಬಿಸಿನೀರು ಬಿತ್ತು. ಚೀಲ ಸಡಿಲವಾಯಿತು, ಬಣ್ಣ ಬಿಟ್ಟಿತು, ಬೆಲ್ಲ ಕರಗಿದಂತೆ ಕರಗಿಯೇ ಹೋಯಿತು. ಒಳಗಿನ ಚಾದರಗಳು ಯಾರ ಕೈಯೂ ತಾಗದೆ ತಾವಾಗಿ ಬಿಚ್ಚಿಕೊಂಡು ತಿರುಗತೊಡಗಿದವು.

ಅಂದೇ ಸಿಬ್ಬಂದಿಯ ಊಟದ ಹಾಲಿನಲ್ಲಿ ಹಡಗಿನ ಡಾಕ್ಟರಮ್ಮ ಮೀಟಿಂಗ್ ಮಾಡಿದರು. ಎತ್ತರದ ಹೆಂಗಸು, ನರೆತ ಕೂದಲು. ಕೊರೊನಾ ಎಂಬ ಹೆಸರು ಇನ್ನೂ ಯಾರ ಬಾಯಲ್ಲೂ ಇರದ ಕಾಲ ಅದು. ಹಾಗಾಗಿ ಅವರು ಹೇಳಿದ್ದೆಲ್ಲ ನಮಗೆ ಹೊಸದು.

"ಜ್ವರ, ಕೆಮ್ಮು, ಮೈಕೈ ನೋವು ಬಂದರೆ ಮುಚ್ಚಿಡಬೇಡಿ. ಆಸ್ಪತ್ರೆಗೆ ನಡೆದುಕೊಂಡೂ ಬರಬೇಡಿ. ನಡೆದು ಬಂದರೆ ದಾರಿಯುದ್ದಕ್ಕೂ ಹಂಚುತ್ತ ಬರುತ್ತೀರಿ. ಮಲಗಿದಲ್ಲಿಂದಲೇ ಫೋನ್ ಮಾಡಿ, ನಾವು ಬರುತ್ತೇವೆ" ಎಂದರು ಅವರು.

ಡಾಕ್ಟರೇ ರೋಗಿಯ ಬಳಿಗೆ ಬರುತ್ತಾರಂತೆ ಎಂದು ಲಾಂಡ್ರಿಯಲ್ಲಿದ್ದ ನಮ್ಮ ಸೀಮೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜ್ವರ ಬಂದರೂ ಮಾತ್ರೆ ನುಂಗಿ ಮಿಷಿನ್ನಿನ ಮುಂದೆ ಕೂರುವುದನ್ನು ಕಲಿತು ಬಂದವರು ನಾವು.

ಜ್ವರದವರ ಕೋಣೆಯ ಪರದೆಗಳನ್ನು ಬಿಚ್ಚಿ ತೊಳೆಯಲು ಕೊಟ್ಟು ಮತ್ತೆ ಸಿಕ್ಕಿಸುವ ಕೆಲಸ ನನ್ನ ಪಾಲಿಗೆ ಬಂತು. ಹೀಗಾಗಿ ನಾನು ದಿನಾ ಮೇಲಿನ ಅಂತಸ್ತುಗಳಿಗೆ ಓಡಾಡುವಂತಾಯಿತು. ಅಲ್ಲಿ ಕಂಡದ್ದನ್ನು ಈಗಲೂ ಮರೆಯಲಾರೆ. ಒಂದೇ ಹಗಲಿನಲ್ಲಿ ಊಟದ ಮೇಜುಗಳಿಂದ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳು ಮಾಯವಾಗಿದ್ದವು. ಪ್ರಯಾಣಿಕರು ತಾವೇ ಬಡಿಸಿಕೊಳ್ಳುತ್ತಿದ್ದ ಸೌಟುಗಳೆಲ್ಲ ಈಗ ಗ್ಲೌಸು ತೊಟ್ಟ ವೇಟರುಗಳ ಕೈಯಲ್ಲಿದ್ದವು. ಊಟದ ಹಾಲಿನ ಬಾಗಿಲಲ್ಲಿ, ಭುಜದ ಮೇಲೆ ಪಟ್ಟಿಗಳಿದ್ದ ಒಬ್ಬ ದೊಡ್ಡ ಅಧಿಕಾರಿ ನಿಂತು, ಒಳಹೋಗುವ ಒಬ್ಬೊಬ್ಬರ ಅಂಗೈಗೂ ತೀರ್ಥ ಕೊಟ್ಟಂತೆ ಔಷಧದ ನೀರು ಬಿಡುತ್ತಿದ್ದ. ಜೂಜಿನ ಕೋಣೆಯ ಬಿಲ್ಲೆಗಳನ್ನು ಪಾತ್ರೆ ತೊಳೆದಂತೆ ತೊಳೆದು ಬಿಳಿ ಬಟ್ಟೆಯ ಮೇಲೆ ಹರಡಿದ್ದರು. ಪ್ರತಿ ಮೆಟ್ಟಿಲಿನ ಕಂಬಿಗೂ ಒಬ್ಬೊಬ್ಬ ಒರೆಸುವವನು. ಅವನು ಒರೆಸುತ್ತ ತುದಿ ಮುಟ್ಟುವ ಹೊತ್ತಿಗೆ ಮತ್ತೆ ಬುಡದಿಂದ ಶುರುಮಾಡಬೇಕು. ಕ್ಯಾಪ್ಟನ್ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದರು, ಆದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಇಷ್ಟೆಲ್ಲ ಆಗುತ್ತಿದ್ದರೂ ಎಲ್ಲಿಯೂ ಗದ್ದಲವಿಲ್ಲ, ಸಂಗೀತ ನಿಂತಿಲ್ಲ. ಊರಷ್ಟು ದೊಡ್ಡ ಹಡಗು ಒಂದು ಮಾತಿಗೆ ಹೀಗೆ ತಿರುಗಿ ನಿಲ್ಲುವುದುಂಟೇ ಎಂದು ನಾನು ಪರದೆಯ ಗಂಟು ಹೊತ್ತು ನಿಂತಲ್ಲೇ ನಿಂತಿದ್ದೆ. ನಮ್ಮೂರ ಕಡೆಯ ಕಣೇಕಲ್ಲು ಕೆರೆಯನ್ನೇ ದೊಡ್ಡ ನೀರು ಅಂದುಕೊಂಡು ಬೆಳೆದವನಿಗೆ ಸಮುದ್ರ ನೋಡಿ ಆದ ಬೆರಗಿಗಿಂತ ಇದು ಹೆಚ್ಚಿನದಾಗಿತ್ತು.

ಲಾಂಡ್ರಿಯಲ್ಲಿ ನನಗೆ ತುಂಬ ಹತ್ತಿರದವನು ಮಡಕಶಿರಾ ಕಡೆಯ ರೊಳ್ಳ ಎಂಬ ಊರಿನವನು. ಕುರಿ ಸಾಕುವ ಮನೆಯವನು, ನನಗಿಂತ ಕಿರಿಯ, ಇಬ್ಬರು ಮಕ್ಕಳ ತಂದೆ. ಚಾದರಗಳನ್ನು ಇಸ್ತ್ರಿ ಮಾಡಿ ಮಡಿಸುವ ಉದ್ದನೆಯ ಮಿಷಿನ್ನಿಗೆ ಬಟ್ಟೆ ಕೊಡುವುದು ಅವನ ಕೆಲಸ. ಹಡಗಿಗೆ ಬರುವ ಮೊದಲು ಬಳ್ಳಾರಿಯಲ್ಲಿ ಜೀನ್ಸಿನ ಬಣ್ಣ ಕೆರೆದು ಮಾಸಲು ಮಾಡುವ ಯೂನಿಟ್ಟಿನಲ್ಲಿದ್ದ. ಆ ಧೂಳು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಸಣ್ಣ ನೆಗಡಿಯಾದರೂ ಅವನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಏನಪ, ಕಣ್ಣು ಕೆಂಪಗ ಆಗ್ಯಾವಲ್ಲ?" ಎಂದೆ ಒಂದು ಬೆಳಿಗ್ಗೆ.

"ಉಗಿ ಕಣಣ್ಣ. ಈ ಮಿಷಿನ್ ಮುಂದೆ ನಿಂತ್ರೆ ಯಾರ್ಗಾದ್ರೂ ಆಗ್ತದೆ" ಎಂದ.

ಉಗಿಯಲ್ಲ ಎಂದು ಮಾಸ್ಟರ್ ಹಣೆಗೆ ಹಿಡಿದ ಥರ್ಮಾಮೀಟರ್ ಹೇಳಿತು. ನರ್ಸಮ್ಮ ಬಂದು ಅವನಿಗೆ ಮಾಸ್ಕು ತೊಡಿಸಿ ಸರಕಿನ ಲಿಫ್ಟಿನಲ್ಲಿ ಮೇಲೆ ಕರೆದೊಯ್ದಳು. ಅವರು ಇಳಿದ ಮೇಲೆ ಆ ಲಿಫ್ಟಿನ ನಾಲ್ಕೂ ಗೋಡೆ ಒರೆಸಿದ ನಂತರವೇ ಬೇರೆಯವರನ್ನು ಹತ್ತಲು ಬಿಟ್ಟರು. ಜ್ವರ ಬಂದವರಿಗೆಂದು ಪ್ರಯಾಣಿಕರ ಕೋಣೆಗಳನ್ನೇ ಒಂದು ಸಾಲು ಖಾಲಿ ಇಟ್ಟಿದ್ದರು. ಅಂಥ ಒಂದು ಕೋಣೆ ಅವನಿಗೆ ಸಿಕ್ಕಿತು. ಒಬ್ಬನೇ, ಅಗಲದ ಹಾಸಿಗೆ, ಪ್ರಯಾಣಿಕರು ವಾಕಿಂಗ್ ಮಾಡುವ ಹೊರಗಿನ ಜಗಲಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿ. ಬೆರಳಿಗೆ ಒಂದು ಕ್ಲಿಪ್ಪು ಹಾಕಿ ಉಸಿರಿನ ಲೆಕ್ಕ ಇಟ್ಟಿದ್ದರು.

"ಸಾಹುಕಾರ ಆದಿ ಬಿಡಪ. ಕಿಟಕಿ ಐತಿ, ಊಟ ಬಾಗಿಲಿಗೆ ಬರತೈತಿ" ಎಂದು ಫೋನಿನಲ್ಲಿ ರೇಗಿಸಿದೆ. ಅವನು ನಕ್ಕ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಆಮೇಲೆ ನಡೆದದ್ದು ನಮ್ಮವರಿಂದ ಮಾತ್ರ ಆಗಬಹುದಾದ ಎಡವಟ್ಟು. ನಮ್ಮ ಕಡೆ ಜ್ವರ ಬಂದವರನ್ನು ನೋಡಿ ಬರದಿದ್ದರೆ ಸಂಬಂಧವನ್ನೇ ಕಡಿದುಕೊಂಡಂತೆ. ಬನ್ನು, ಮೋಸಂಬಿ ಹಿಡಿದು ಹೋಗಬೇಕು. ಮಂಚದ ತುದಿಯಲ್ಲಿ ಕೂರಬೇಕು, ಹಣೆ ಮುಟ್ಟಿ ನೋಡಬೇಕು, ಏನೂ ಆಗಂಗಿಲ್ಲ ಬಿಡು ಅನ್ನಬೇಕು. ರಾಯದುರ್ಗದಲ್ಲೂ ಹಾಗೇ, ರೊಳ್ಳದಲ್ಲೂ ಹಾಗೇ. ಡಾಕ್ಟರಮ್ಮನ ಮಾತುಗಳನ್ನು ನಮ್ಮವರು ಶ್ರದ್ಧೆಯಿಂದ ಕೇಳಿದ್ದರು. ಜ್ವರ ಬಂದರೆ ಫೋನ್ ಮಾಡಬೇಕು, ಸರಿ. ಕೈ ತೊಳೆಯಬೇಕು, ಸರಿ. ಆದರೆ ಮಲಗಿದವನನ್ನು ನೋಡಲು ಹೋಗಬಾರದು ಎಂಬುದೂ ಆ ಮಾತಿನಲ್ಲಿ ಸೇರಿದೆ ಎಂದು ಯಾರ ತಲೆಗೂ ಹೊಳೆಯಲಿಲ್ಲ. ಶಿಫ್ಟ್ ಮುಗಿದದ್ದೇ ಒಬ್ಬೊಬ್ಬರಾಗಿ ಸರ್ವಿಸ್ ಮೆಟ್ಟಿಲು ಹತ್ತಿದರು. ಮೋಸಂಬಿ ಸಿಗದೆ ಊಟದ ಹಾಲಿನ ಕಿತ್ತಳೆಹಣ್ಣು ಜೇಬಿಗೆ ಹಾಕಿಕೊಂಡು ಹೋದರು. ಕೋಟುಗಳಿಗೆ ಇಸ್ತ್ರಿ ಹಾಕುವ ಅನಂತಪುರದ ತೆಲುಗಿನವನಂತೂ ಅವನ ಎದೆಗೆ ಬಾಮ್ ಉಜ್ಜಿ ಬಂದ. ಒಳ್ಳೆಯವನೇ, ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆದಿದ್ದನಂತೆ.

ಸಿಕ್ಕಿಬಿದ್ದದ್ದು ಸಿಪ್ಪೆಯಿಂದ. ರೋಗಿಯ ಊಟದ ತಟ್ಟೆಯಲ್ಲಿ ಕಿತ್ತಳೆ ಹೋಗಿರಲೇ ಇಲ್ಲ, ಕಸದ ಬುಟ್ಟಿಯ ತುಂಬ ಕಿತ್ತಳೆ ಸಿಪ್ಪೆ. ನರ್ಸಮ್ಮ ಸೆಕ್ಯೂರಿಟಿಯವರನ್ನು ಕರೆದುಕೊಂಡು ಆ ಕೋಣೆಗಳ ಸಾಲಿನ ಓಣಿಯ ಬಾಯಲ್ಲಿ ನಿಂತಾಗ ಎದುರಾದವನು ನಾನು. ಎರಡೂ ಜೇಬು ಉಬ್ಬಿದ್ದವು. ಆಕೆ ಬೈಯಲಿಲ್ಲ. "ನಿಮಗಿಂತ ಮೊದಲು ಎಷ್ಟು ಜನ ಒಳಗೆ ಹೋಗಿದ್ದಾರೆ?" ಎಂದಷ್ಟೇ ಕೇಳಿದಳು. ನನ್ನ ಮುಖ ನೋಡಿ ಉತ್ತರ ತಾನೇ ತಿಳಿದುಕೊಂಡಳು.

ಮುಂದಿನ ದಿನಗಳಲ್ಲಿ ಲಾಂಡ್ರಿಯವರು ಒಬ್ಬರ ಹಿಂದೆ ಒಬ್ಬರು ಮಲಗಿದರು. ಓಣಿಗೆ ಕಾವಲು ಬಂತು. ಇತ್ತ ಕೆಲಸ ದುಪ್ಪಟ್ಟಾಯಿತು. ಜ್ವರದ ಕೋಣೆಗಳ ಹಾಸಿಗೆ ಬಟ್ಟೆ ದಿನಾ ಬದಲಾಗಬೇಕು, ಕೊಳೆ ಬಟ್ಟೆ ಒಂದು ಬಾಗಿಲಿನಿಂದ ಬಂದು ಶುದ್ಧ ಬಟ್ಟೆ ಇನ್ನೊಂದರಿಂದಲೇ ಹೋಗಬೇಕು, ಆಚೆಯವರು ಈಚೆ ಕಾಲಿಡಬಾರದು. ನಾನು ಹೊಲಿಗೆ ಮಿಷಿನ್ ಮುಚ್ಚಿಟ್ಟು ರೊಳ್ಳದವನ ಜಾಗದಲ್ಲಿ ನಿಂತೆ. ಮಾಸ್ಟರ್ ತಾವೇ ಗಾಡಿ ತಳ್ಳಿದರು. ಇಷ್ಟಾದರೂ ಕೈ ಸಾಲದೆ ಹೋದಾಗ ಮೇಲಿನಿಂದ ಜನ ಇಳಿದು ಬಂದರು. ಯಾರು ಅಂದುಕೊಂಡಿರಿ? ಜನ ಸೇರಬಾರದೆಂದು ಅಷ್ಟರಲ್ಲಿ ಹಡಗಿನ ನಾಟಕಶಾಲೆಯ ಆಟ ನಿಲ್ಲಿಸಿದ್ದರು, ಅಲ್ಲಿ ಕುಣಿಯುವವರು, ಹಾಡುವವರು. ಸಂಜೆ ಹೊತ್ತು ಮಿಂಚುವ ಬಟ್ಟೆಯಲ್ಲಿ ಇರುತ್ತಿದ್ದ ಹೆಣ್ಣುಮಗಳೊಬ್ಬಳು ತಲೆಗೆ ಬಲೆಟೋಪಿ ಹಾಕಿಕೊಂಡು, ನನ್ನ ಪಕ್ಕ ನಿಂತು, ಟವೆಲ್ ಮಡಿಸುವುದು ಹೇಗೆಂದು ನನ್ನನ್ನೇ ಕೇಳಿದಳು. ಕೈ ತಪ್ಪಿದರೆ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಅಂಥ ಒಂದು ಮಧ್ಯಾಹ್ನದ ಟೀ ಹೊತ್ತಿನಲ್ಲಿ ಗೋಡೆಯ ಫೋನ್ ಬಡಿದುಕೊಂಡಿತು. ರೊಳ್ಳದವನು.

"ಯಾಕಣ್ಣ, ಯಾರೂ ಈ ಕಡೆ ತಲೆನೇ ಹಾಕ್ತಿಲ್ಲ?"

"ಹೆಂಗ ಬರೋದಪ? ಕಾವಲು ಹಾಕ್ಯಾರ. ನಿನ್ನ ನೋಡಾಕ ಬಂದೋರೆಲ್ಲ ಈಗ ಮಲಗ್ಯಾರ."

"ನಮ್ಮಪ್ಪ ಕಾಯಿಲೆ ಬಿದ್ದ ಕುರೀನ ಹಿಂಡಿನಿಂದ ದೂರ ಕಟ್ತಾನೆ. ಆದ್ರೂ ದಿನಾ ಹೋಗಿ ಅದರ ಮುಂದೆ ಒಂದ್ಗಳಿಗೆ ನಿಂತು ಬರ್ತಾನೆ ಕಣಣ್ಣ. ನಾನು ಕುರಿಗಿಂತ ಕಡೆಯಾದ್ನಾ?"

ಅವನು ಊಟ ಬಿಟ್ಟಿದ್ದಾನೆಂದು, ತಟ್ಟೆ ಹೋದ ಹಾಗೇ ವಾಪಸು ಬರುತ್ತಿದೆಯೆಂದು ನರ್ಸಮ್ಮ ಮಾಸ್ಟರಿಗೆ ಹೇಳಿದ್ದು ಕೇಳಿದ್ದೆ. ಹಿಂದಿನ ದಿನ ಒಮ್ಮೆ ಕೋಣೆ ಬಿಟ್ಟು ಲಿಫ್ಟಿನವರೆಗೂ ಬಂದುಬಿಟ್ಟಿದ್ದನಂತೆ. ಇನ್ನೊಮ್ಮೆ ಹೊರಬಂದರೆ ಮುಂದಿನ ಬಂದರಿನಲ್ಲಿ ಇಳಿಸಿ ಊರಿಗೆ ಕಳಿಸುವುದಾಗಿ ಎಚ್ಚರಿಕೆ ಕೊಟ್ಟಿದ್ದರು.

"ನಾಳೆ ಬೆಳಿಗ್ಗೆ ಕಾವಲಿನವ್ರು ಬದಲಾಗೋ ಹೊತ್ನಲ್ಲಿ ಕೆಳಗೆ ಬಂದ್ಬಿಡ್ತೀನಿ. ನನ್ ಮಂಚದಲ್ಲೇ ಮಲಗ್ತೀನಿ, ನಿಮ್ಮ ಮಧ್ಯೆ. ಯಾರ್ಗೂ ಹೇಳ್ಬೇಡ" ಎಂದು ಫೋನ್ ಇಟ್ಟ.

ನಮ್ಮ ಕೆಳಗಿನ ಕೋಣೆಯಲ್ಲಿ ಗಾಳಿಯಾಡುವಷ್ಟೂ ಜಾಗವಿಲ್ಲ. ಬೆರಳಿನ ಕ್ಲಿಪ್ಪು ನೋಡುವವರಿಲ್ಲ. ಉಸಿರು ಸಿಕ್ಕಿಕೊಂಡರೆ ಅವನು ಅಲ್ಲೇ ಹೋಗಿಬಿಡುತ್ತಾನೆ. ಆದರೆ ನಂಬಿ ಹೇಳಿದ ನಮ್ಮ ಕಡೆಯವನ ಮಾತನ್ನು ಅಧಿಕಾರಿಗಳ ಕಿವಿಗೆ ಹಾಕುವುದೆಂದರೆ, ಅದಕ್ಕಿಂತ ಹೇಸಿಗೆಯ ಕೆಲಸ ನಮ್ಮಲ್ಲಿ ಇನ್ನೊಂದಿಲ್ಲ. ಟೀ ಆರಿಹೋಗುವವರೆಗೂ ಕೂತಿದ್ದೆ. ನನ್ನನ್ನು ಜನ್ಮದಲ್ಲಿ ಮಾತಾಡಿಸದಿದ್ದರೂ ಚಿಂತೆಯಿಲ್ಲ, ಬದುಕಿರಲಿ ಅನ್ನಿಸಿತು. ಎದ್ದು ಆಸ್ಪತ್ರೆಗೆ ಫೋನ್ ಮಾಡಿದೆ.

ಡಾಕ್ಟರಮ್ಮ ನನ್ನನ್ನು ಕರೆಸಿದರು. ಕಾವಲು ಬಿಗಿ ಮಾಡುತ್ತಾರೆ, ಬಾಗಿಲಿಗೆ ಬೀಗ ಜಡಿಸುತ್ತಾರೆ ಎಂದುಕೊಂಡೇ ಹೋಗಿದ್ದೆ. ಅವರು ಕುರ್ಚಿ ತೋರಿಸಿ, "ಕಾವಲು ಹೆಚ್ಚಿಸುವುದು ಸುಲಭ. ಆದರೆ ಆತ ಊಟ ಮಾಡಬೇಕಲ್ಲ. ನಿಮ್ಮವರು ಅಲ್ಲಿಗೆ ಯಾಕೆ ಹೋಗುತ್ತಾರೆ, ನನಗೆ ಅರ್ಥವಾಗುವಂತೆ ಹೇಳಿ" ಎಂದರು.

ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎಲ್ಲಿಯೂ ನಡುವೆ ಬಾಯಿ ಹಾಕಲಿಲ್ಲ.

"ಹೋಗದಿದ್ದರೆ ಏನು ಅರ್ಥ?"

"ನೀನು ಇದ್ದರೂ ಒಂದೇ, ಹೋದರೂ ಒಂದೇ ಅಂತ ಅರ್ಥ, ಮೇಡಂ."

"ಮುಟ್ಟಲೇಬೇಕೇ?"

"ಮುಟ್ಟದಿದ್ದರೂ ನಡೆಯುತ್ತೆ. ನಾವು ಅವನನ್ನು ನೋಡಬೇಕು. ನಾವು ಬಂದದ್ದು ಅವನಿಗೆ ಕಾಣಬೇಕು."

ಅವರು ಎದ್ದು ಗೋಡೆಯ ಮೇಲಿದ್ದ ಹಡಗಿನ ನಕ್ಷೆಯ ಮುಂದೆ ನಿಂತರು. ಅವನ ಕೋಣೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಹೊರಗಿನ ಜಗಲಿಯತ್ತ ಸರಿಸಿದರು. ಆ ಜಗಲಿ ಪ್ರಯಾಣಿಕರದು. ಲಾಂಡ್ರಿಯವರು ಅಲ್ಲಿ ಕಾಲಿಡುವಂತಿಲ್ಲ. ಡಾಕ್ಟರಮ್ಮ ಹಡಗಿನ ವಸತಿ ನೋಡಿಕೊಳ್ಳುವ ದೊಡ್ಡ ಅಧಿಕಾರಿಗೆ ಫೋನ್ ಮಾಡಿದರು. ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ. "ಹೌದು, ಲಾಂಡ್ರಿಯವರೇ. ಕೆಲಸದ ಬಟ್ಟೆಯಲ್ಲೇ. ಪ್ರಯಾಣಿಕರು ನೋಡಿದರೆ ನೋಡಲಿ. ಗಾಜು ನಡುವೆ ಇರುವಾಗ ನನ್ನ ಅಭ್ಯಂತರ ಏನೂ ಇಲ್ಲ."

ಮರುದಿನ ಬೆಳಿಗ್ಗೆ ಅವನು ಹೊರಡುತ್ತೇನೆ ಎಂದ ಹೊತ್ತಿಗಿಂತ ಮುಂಚೆಯೇ ನಾವು ಹೊರಟೆವು. ಒಬ್ಬೊಬ್ಬರ ಹಣೆಗೂ ಥರ್ಮಾಮೀಟರ್ ಹಿಡಿದು, ಆರೋಗ್ಯವಾಗಿದ್ದವರಿಗೆ ಮಾತ್ರ ಮಾಸ್ಕು ಕೊಟ್ಟು ಬಿಟ್ಟರು. ನಡುವೆ ಎರಡು ಮಾರು ಅಂತರ. ಬಾಗಿಲು ತೆರೆದು ಜಗಲಿಗೆ ಬಂದಾಗ ಎಲ್ಲರ ಕಾಲುಗಳೂ ತಾವಾಗಿ ನಿಂತವು. ಸಮುದ್ರದ ಮೇಲೆ ಕೆಲಸ ಮಾಡುತ್ತಿದ್ದರೂ ಎಷ್ಟೋ ಜನ ಬಹಳ ದಿನಗಳಿಂದ ಸಮುದ್ರವನ್ನೇ ಕಂಡಿರಲಿಲ್ಲ. ಜೀನ್ಸಿನ ನೀಲಿ ಬಣ್ಣದ ನಡುವೆಯೇ ಜೀವಮಾನ ಕಳೆದವನು ನಾನು, ಅಂಥ ನೀಲಿ ನೋಡಿರಲಿಲ್ಲ.

ಕಿಟಕಿಯ ಮುಂದೆ ಬಂದು ನೋಡಿದರೆ ಒಳಗೆ ಯಾರೂ ಕಾಣಲಿಲ್ಲ. ಹೊರಗಿನ ಬಿಸಿಲಿಗೆ ಗಾಜು ಕನ್ನಡಿಯಾಗಿತ್ತು. ನಮ್ಮದೇ ಮಾಸ್ಕಿನ ಮುಖಗಳು, ಹಿಂದೆ ಸಮುದ್ರ. ಹೊರಟುಬಿಟ್ಟನೇನೋ ಅಂದುಕೊಂಡೆ. ಬಟ್ಟೆ ಕೆಲಸದವನಿಗೆ ಬಟ್ಟೆಯೇ ನೆನಪಾಗುವುದು. ಲಾಂಡ್ರಿಯಲ್ಲೇ ಕೆಲಸಕ್ಕಿದ್ದ ತೆಲುಗಿನವನ ತಮ್ಮನನ್ನು ಓಡಿಸಿ ಕೆಳಗಿನಿಂದ ದಪ್ಪ ನೀಲಿ ಕಂಬಳಿ ತರಿಸಿ, ಇಬ್ಬರು ಅದನ್ನು ನಮ್ಮ ಬೆನ್ನ ಹಿಂದೆ ಎತ್ತರಕ್ಕೆ ಹಿಡಿಯುವಂತೆ ಮಾಡಿದೆ. ನೆರಳು ಬಿದ್ದಲ್ಲಿ ಗಾಜು ತಿಳಿಯಾಯಿತು. ರೊಳ್ಳದವನು ಚಪ್ಪಲಿ ಮೆಟ್ಟಿ, ತನ್ನ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು, ಕೋಣೆಯ ನಡುವೆ ನಿಂತು ನಮ್ಮನ್ನೇ ನೋಡುತ್ತಿದ್ದ.

ಒಬ್ಬೊಬ್ಬರೇ ಕಂಬಳಿಯ ನೆರಳಿಗೆ ಬಂದು ನಿಂತರು. ಗಾಜು ದಪ್ಪ, ಮಾತು ಕೇಳಿಸದು. ಹೀಗಾಗಿ ಎಲ್ಲರೂ ಐದು ಬೆರಳು ಕೂಡಿಸಿ ಬಾಯಿಗೆ ತಂದು, ಉಂಡೆಯಾ ಎಂದು ಕೇಳಿದರು. ಮಾಸ್ಟರ್ ಕೂಡ ಬಂದು ನಿಂತು, ನಮ್ಮನ್ನು ನೋಡಿ ಕಲಿತು, ಹಾಗೆಯೇ ಕೈ ಮಾಡಿದರು. ಟವೆಲ್ ಮಡಿಸುತ್ತಿದ್ದ ಆ ಹೆಣ್ಣುಮಗಳೂ ಬಂದಳು. ವಾಕಿಂಗಿಗೆ ಬಂದಿದ್ದ ಪ್ರಯಾಣಿಕರು ಇದೇನೆಂದು ತಿಳಿಯದಿದ್ದರೂ ಕಂಬಿಯ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮುದುಕರೊಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಇಷ್ಟು ದೊಡ್ಡ ಹಡಗು, ಚಾದರ ಮಡಿಸುವ ಒಬ್ಬನಿಗಾಗಿ ತನ್ನ ಅಂಗಳದಲ್ಲಿ ಜಾಗ ಮಾಡಿಕೊಟ್ಟಿತ್ತು.

ಮಾಸ್ಟರ್ ಕೊಟ್ಟಿದ್ದ ವೈರ್ ಇಲ್ಲದ ಫೋನ್ ನನ್ನ ಕೈಯಲ್ಲಿತ್ತು. ಒಳಗಿನಿಂದ ಅವನು ಮಾತಾಡಿದ.

"ನೀನೇ ಹೇಳಿದ್ದಾ ಅಣ್ಣ?"

"ಹೌದು, ನಾನ ಹೇಳಿದ್ದು."

"ಹೇಳ್ಬೇಡ ಅಂದಿದ್ದೆ."

"ಅಂದಿದ್ದಿ."

ಅವನು ಕೆಮ್ಮಿದ. "ಎಷ್ಟೊಂದ್ ಜನ ಬಂದವ್ರೆ" ಎಂದ.

"ನಿದ್ದಿ ಬಿಟ್ಟು ಬಂದಾರ. ಈಗರ ಉಣ್ಣು."

ಅವನು ಗಂಟನ್ನು ಮಂಚದ ಮೇಲಿಟ್ಟು ಚಪ್ಪಲಿ ಬಿಟ್ಟ. ಆ ಮಧ್ಯಾಹ್ನ ಗಂಜಿಯ ಬಟ್ಟಲು ಖಾಲಿಯಾಯಿತೆಂದು ನರ್ಸಮ್ಮ ಫೋನ್ ಮಾಡಿ ಹೇಳಿದಳು.

ಆಮೇಲೆ ದಿನಾ ಶಿಫ್ಟ್ ಬದಲಾಗುವಾಗ ನಾವು ಆ ಜಗಲಿಯಲ್ಲಿ ಹಾಯ್ದು ಹೋಗುವುದು ರೂಢಿಯಾಯಿತು. ಅವನ ಜ್ವರ ಇಳಿಯಿತು. ಮಾತ್ರೆಯಿಲ್ಲದೆ ಜ್ವರ ಬಿಟ್ಟ ಮೇಲೂ ಪೂರ್ತಿ ಒಂದು ದಿನ ಒಳಗಿರಬೇಕೆಂಬ ನಿಯಮ. ಎದೆಯ ಕಾರಣಕ್ಕೆ ಡಾಕ್ಟರಮ್ಮ ಅವನನ್ನು ಅದಕ್ಕಿಂತಲೂ ಹೆಚ್ಚು ಇಟ್ಟುಕೊಂಡರು. ಬಿಟ್ಟ ದಿನ ಕೋಣೆಯ ಬಾಗಿಲಲ್ಲಿ ಔಷಧದ ಮಂಜು ಸಿಂಪಡಿಸುವವರು ಕಾಯುತ್ತಿದ್ದರು, ಪರದೆ ಬದಲಿಸಲು ನಾನೂ ಇದ್ದೆ. ಅವನು ಇಳಿದುಹೋಗಿ ನಮ್ಮ ಕೋಣೆಯಲ್ಲಿ ಮಲಗುತ್ತಾನೆ ಅಂದುಕೊಂಡಿದ್ದೆ. ಅವನು ಸೊರಗಿದ ಮೈಯಲ್ಲಿ ಗೋಡೆ ಹಿಡಿದುಕೊಂಡು ಹೊರಗಿನ ಜಗಲಿಯ ಕಡೆಗೆ ನಡೆದ.

"ಎಲ್ಲಿಗಪ?"

"ಪಕ್ಕದ ಕೋಣೇಲಿ ಒಬ್ಬ ವಯಸ್ಸಾದ ಯಮ್ಮ ಐತೆ ಕಣಣ್ಣ. ಒಬ್ಬಂಟಿ ಅಂತ ನರ್ಸಮ್ಮ ಅಂದ್ರು. ಗೋಡೆಯಾಚೆ ಕೆಮ್ಮೋದು ಕೇಳ್ತಿತ್ತು. ನೀವೆಲ್ಲ ದಿನಾ ನನ್ ಕಿಟಕಿಗೆ ಬಂದ್ರಿ, ಆಯಮ್ಮನ ಕಿಟಕಿ ಮುಂದೆ ಒಬ್ರೂ ನಿಲ್ಲಲಿಲ್ಲ."

"ಆಕಿಗೆ ನೀನು ಯಾರಂತ ಗೊತ್ತಿಲ್ಲ."

"ಆಯಮ್ಮಂಗೆ ಗೊತ್ತಿರೋರು ಯಾರೂ ಈ ಹಡಗಲ್ಲಿ ಇಲ್ವಲ್ಲಣ್ಣ" ಎಂದ.

ನಾನು ಅವನ ಹಿಂದೆ ಹೋಗಿ, ಸಿಕ್ಕಿಸಲೆಂದು ತಂದಿದ್ದ ಒಗೆದ ಪರದೆಯನ್ನೇ ಎರಡೂ ಕೈಯಿಂದ ಎತ್ತಿ ಬಿಸಿಲಿಗೆ ಅಡ್ಡ ಹಿಡಿದೆ. ಗಾಜಿನೊಳಗೆ ಒಂದು ಬಡಕಲು ಬೆನ್ನು ಕಾಣಿಸಿತು. ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದವರು ನೆರಳು ಬಿದ್ದದ್ದಕ್ಕೆ ಈ ಕಡೆ ಹೊರಳಿದರು. ರೊಳ್ಳದವನು ಕೈ ಜೋಡಿಸಿದ, ಆಮೇಲೆ ಐದು ಬೆರಳು ಕೂಡಿಸಿ ಬಾಯಿಗೆ ತಂದು ಕೇಳಿದ. ನಾವು ಕಿಟಕಿ ಒರೆಸಲು ಬಂದವರು ಅಂದುಕೊಂಡರೇನೋ, ಮಲಗಿದಲ್ಲಿಂದಲೇ ನೋಡಿದರು. ಅವನು ಕದಲಲಿಲ್ಲ. ಕೊನೆಗೆ ಆಕೆ ಮೊಣಕೈ ಊರಿ ನಿಧಾನವಾಗಿ ಎದ್ದು ಕೂತರು, ಕನ್ನಡಕ ಹುಡುಕಿ ಹಾಕಿಕೊಂಡರು, ಮನೆಗೆ ಯಾರೋ ಬಂದಾಗ ಮಾಡುವಂತೆ ಎರಡೂ ಕೈಗಳಿಂದ ಕೂದಲು ಸರಿಮಾಡಿಕೊಂಡರು.